ನೆಟ್‌ವರ್ಕ್ ಬದಲಾದರೂ ಹೆಸರು ಬದಲಾಗದಂತೆ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಹೋಸ್ಟ್‌ನೇಮ್ ಕಾಪಾಡಿಕೊಳ್ಳುವ ಬಗೆ

ಮನೆಯ ವೈ-ಫೈಯಲ್ಲಿದ್ದಾಗ ಟರ್ಮಿನಲ್ ತೆರೆದರೆ ‘ನವಿಲು’ ಎಂದು ತೋರುತ್ತಿದ್ದ ಯಂತ್ರದ ಹೆಸರು, ಬೇರೊಂದು ಕಡೆಯ ನೆಟ್‌ವರ್ಕ್‌ಗೆ ಸೇರಿದ ಕೂಡಲೇ ‘ಡಿಎಚ್‌ಸಿಪಿ-57’ ಎಂದೋ ‘ಲೋಕಲ್‌ಹೋಸ್ಟ್’ ಎಂದೋ ಬದಲಾಗಿರುವುದನ್ನು ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಬಳಸುವ ಅನೇಕರು ಕಂಡಿರುತ್ತಾರೆ. ಕೆಲವರಿಗೆ ಇದು ಕಣ್ಣಿಗಷ್ಟೇ ಕಿರಿಕಿರಿ. ಆದರೆ ಹೆಸರನ್ನು ನಂಬಿ ಕೆಲಸ ಮಾಡುವ ತಂತ್ರಾಂಶಗಳು ಕಡಿಮೆಯೇನಿಲ್ಲ. ಯಾವ ಹೆಸರಿಗೆ ಯಾವ ವಿಳಾಸ ಎಂದು ಬರೆದಿಡುವ ಹೋಸ್ಟ್ಸ್ ಕಡತದಲ್ಲಿ ಹೊಸ ಹೆಸರು ಇಲ್ಲದಿದ್ದರೆ, ಮೇಲ್ವಿಚಾರಕರ ಅಧಿಕಾರದಲ್ಲಿ ಕಮಾಂಡ್ ಓಡಿಸುವ ‘ಸುಡೊ’ ಪ್ರತಿ ಸಲವೂ ಹೋಸ್ಟ್ ಸಿಗುತ್ತಿಲ್ಲ ಎಂದು ದೂರುತ್ತದೆ, ಕೆಲವೊಮ್ಮೆ ಉತ್ತರಕ್ಕಾಗಿ ಕಾದು ಕಾದು ನಿಧಾನವಾಗುತ್ತದೆ. ಕ್ರೋಮ್ ಬ್ರೌಸರ್ ತನ್ನ ಪ್ರೊಫೈಲ್‌ಗೆ ಹಾಕುವ ಬೀಗದಲ್ಲಿ ಯಂತ್ರದ ಹೆಸರನ್ನೂ ಬರೆದಿಡುವುದರಿಂದ, ಹೆಸರು ಬದಲಾದ ಮೇಲೆ ಈ ಪ್ರೊಫೈಲ್ ಬೇರೊಂದು ಕಂಪ್ಯೂಟರ್‌ನಲ್ಲಿ ಬಳಕೆಯಲ್ಲಿದೆ ಎಂದು ಹೇಳಿ ತೆರೆಯಲು ನಿರಾಕರಿಸಬಹುದು. ಪರದೆಯ ಮೇಲೆ ಕಿಟಕಿಗಳನ್ನು ತೋರಿಸಲು ಎಕ್ಸ್ 11 ಎಂಬ ವ್ಯವಸ್ಥೆ ಬಳಸುತ್ತಿದ್ದ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಸಭಾಂಗಣವೊಂದರ ವೈ-ಫೈಗೆ ಸೇರಿದ ಮೇಲೆ ಹೊಸ ಕಿಟಕಿಯೊಂದೂ ತೆರೆಯಲಿಲ್ಲ. ಪರದೆಯನ್ನು ಬಳಸಲು ಬೇಕಾದ ಅನುಮತಿಯ ಕುಕಿಯು ಹಳೆಯ ಹೆಸರಿನಲ್ಲಿತ್ತು, ಯಂತ್ರವು ಹೊಸ ಹೆಸರಿನಲ್ಲಿ ಅದನ್ನು ಹುಡುಕುತ್ತಿತ್ತು. ಅದು ಗೊತ್ತಾಗುವ ತನಕ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಟ್ಟು ಅರ್ಧ ದಿನ ಕಳೆದಿದ್ದೆ.

ಇಂತಹ ತೊಂದರೆಗೆ ಬಹಳ ಕಡೆ ಸಿಗುವ ಸಲಹೆ ಎಂದರೆ ಹೆಸರನ್ನು ಬರೆದಿಟ್ಟ ಕಡತಕ್ಕೆ ಬೀಗ ಹಾಕುವುದು, ಅಂದರೆ ‘ಸಿಎಚ್‌ಎಟಿಟಿಆರ್ +ಐ’ ಎಂಬ ಕಮಾಂಡ್‌ನಿಂದ ಯಾರೂ ತಿದ್ದಲಾಗದಂತೆ ಮಾಡುವುದು. ನಾನು ಅದನ್ನು ಒಪ್ಪುವುದಿಲ್ಲ. ಹೆಸರನ್ನು ಬರೆಯುತ್ತಿರುವುದು ಯಾವ ಸೇವೆ ಎಂದು ಗುರುತಿಸಿ, ಬರೆಯಬೇಡ ಎಂದು ಅದಕ್ಕೇ ಹೇಳುವುದು ಸರಿಯಾದ ಕ್ರಮ. ಬೀಗ ಹಾಕಿದರೆ ಆ ಸೇವೆ ಬರೆಯಲು ಹೋಗಿ ಸೋಲುತ್ತಲೇ ಇರುತ್ತದೆ. ಮುಂದೊಂದು ದಿನ ನೀವೇ ಕಡತವನ್ನು ತಿದ್ದಲು ಹೋದಾಗ, ಹಾಕಿದ ಬೀಗ ನಿಮಗೇ ಮರೆತಿರುತ್ತದೆ.

ಓದುವ ಮುನ್ನ ಬರವಣಿಗೆಯ ಬಗ್ಗೆ ಒಂದು ಮಾತು. ಈ ಲೇಖನದಲ್ಲಿ ಕಮಾಂಡ್‌ಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಓರೆಗೆರೆ, ಅಡ್ಡಗೆರೆ, ಚುಕ್ಕಿ, ಸಮ ಚಿಹ್ನೆಗಳು ಇಲ್ಲಿ ಕಂಡಂತೆಯೇ ಇರಬೇಕು. ಬೇರೆಯಾಗಿ ಹೇಳದ ಕಡೆಗಳಲ್ಲಿ ಎಲ್ಲವೂ ಸಣ್ಣಕ್ಷರಗಳೇ.

ಮೊದಲ ಹೆಜ್ಜೆ: ಈಗಿರುವ ಹೆಸರುಗಳನ್ನು ನೋಡುವುದು

‘ಹೆಸರುಗಳು’ ಎಂದು ಬಹುವಚನದಲ್ಲಿ ಹೇಳಿದ್ದು ಬೇಕೆಂದೇ. ಯಂತ್ರದ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎಂಬ ತಂತ್ರಾಂಶವನ್ನು ಬಳಸುವ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬಗೆಗಳಲ್ಲಿ), ಎಂದರೆ ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್, ಓಪನ್‌ಸೂಸೆ ಮೊದಲಾದವುಗಳಲ್ಲಿ, ಒಂದು ಯಂತ್ರಕ್ಕೆ ಮೂರು ಬಗೆಯ ಹೆಸರು ಇರಬಹುದು. ಸ್ಥಿರ ಹೆಸರು /ಇಟಿಸಿ/ಹೋಸ್ಟ್‌ನೇಮ್ ಎಂಬ ಕಡತದಲ್ಲಿರುತ್ತದೆ. ಬೂಟ್ ಆಗುವಾಗ ಅಲ್ಲಿಂದಲೇ ಕರ್ನೆಲ್‌ಗೆ, ಎಂದರೆ ವ್ಯವಸ್ಥೆಯ ತಿರುಳಿಗೆ, ಹೋಗುತ್ತದೆ. ತಾತ್ಕಾಲಿಕ ಹೆಸರು ನೆಟ್‌ವರ್ಕ್‌ನಿಂದ ಬರುತ್ತದೆ, ಯಂತ್ರ ಮತ್ತೆ ಬೂಟ್ ಆದರೆ ಅಳಿಯುತ್ತದೆ. ಮೂರನೆಯದು ಅಲಂಕಾರದ ಹೆಸರು. ಇದರಲ್ಲಿ ಖಾಲಿ ಜಾಗ, ದೊಡ್ಡಕ್ಷರ, ಕನ್ನಡ ಅಕ್ಷರಗಳೂ ಇರಬಹುದು, ಮತ್ತು ಇದು /ಇಟಿಸಿ/ಮಷೀನ್-ಇನ್ಫೋ ಕಡತದಲ್ಲಿ ಉಳಿಯುತ್ತದೆ. ಇವನ್ನು ನೋಡಲು ಟರ್ಮಿನಲ್‌ನಲ್ಲಿ ಒಂದೇ ಪದ ಸಾಕು:

ಹೋಸ್ಟ್‌ನೇಮ್‌ಸಿಟಿಎಲ್

ಬರುವ ಉತ್ತರದಲ್ಲಿ ಸ್ಥಿರ ಹೆಸರಿನ ಜಾಗ ಖಾಲಿಯಿದ್ದರೆ, ಅಥವಾ ಅಲ್ಲಿ ‘ಲೋಕಲ್‌ಹೋಸ್ಟ್’ ಎಂದಿದ್ದರೆ, ರೋಗದ ಮೂಲ ಹೆಚ್ಚೂಕಡಿಮೆ ಸಿಕ್ಕಂತೆಯೇ. ಸರಿಯಾದ ಸ್ಥಿರ ಹೆಸರೊಂದು ಇರುವಾಗ ಸಿಸ್ಟಮ್‌ಡಿಯು ತಾತ್ಕಾಲಿಕ ಹೆಸರನ್ನು ಬಳಸುವುದಿಲ್ಲ. ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ಸೇವೆ ಸಹ ಮೊದಲು ಸ್ಥಿರ ಹೆಸರನ್ನೇ ಹುಡುಕುತ್ತದೆ. ಅದು ಇಲ್ಲದಿದ್ದಾಗ ಮಾತ್ರ, ನೆಟ್‌ವರ್ಕ್ ಸೇರಿದ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಕೊಟ್ಟ ಹೆಸರನ್ನು ತೆಗೆದುಕೊಳ್ಳುತ್ತದೆ, ಅದೂ ಸಿಗದಿದ್ದರೆ ತನಗೆ ಸಿಕ್ಕ ಐಪಿ ವಿಳಾಸಕ್ಕೆ ಯಾವ ಹೆಸರಿದೆ ಎಂದು ಡಿಎನ್‌ಎಸ್ ಅನ್ನು (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯನ್ನು) ತಿರುವುಮುರುವಾಗಿ ಕೇಳುತ್ತದೆ. ಫೆಡೋರಾದಲ್ಲಿ ಅನುಸ್ಥಾಪನೆಯ ವೇಳೆ ಹೆಸರು ಕೊಡದೆ ಮುಂದುವರಿದವರಿಗೆ ಈ ತೊಂದರೆ ಹೆಚ್ಚಾಗಿ ಎದುರಾಗುವುದು ಇದೇ ಕಾರಣಕ್ಕೆ: ಅಲ್ಲಿ ಕಾಣುವ ‘ಫೆಡೋರಾ’ ಎಂಬುದು ಬೇರೇನೂ ಸಿಗದಾಗ ಬಳಸುವ ಹೆಸರೇ ಹೊರತು ನೀವು ಇಟ್ಟ ಹೆಸರಲ್ಲ.

ಡಿಎಚ್‌ಸಿಪಿ ಎಂಬುದು ಐಪಿ ವಿಳಾಸವನ್ನಷ್ಟೇ ಕೊಡುತ್ತದೆ ಎಂದು ಭಾವಿಸಿರುವವರಿಗೆ ಇದು ವಿಚಿತ್ರವೆನಿಸಬಹುದು. ವಿಳಾಸದ ಜೊತೆಗೆ ಹಲವು ಆಯ್ಕೆಗಳು ಸಂಖ್ಯೆಯ ಲೆಕ್ಕದಲ್ಲಿ ಬರುತ್ತವೆ. 6ನೆಯದು ಡಿಎನ್‌ಎಸ್ ಸರ್ವರ್‌ಗಳ ವಿಳಾಸ, 15ನೆಯದು ಡೊಮೇನ್ ಹೆಸರು, 12ನೆಯದು ಹೋಸ್ಟ್‌ನೇಮ್. ಈ 12ನೆಯ ಆಯ್ಕೆ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ: ಲ್ಯಾಪ್‌ಟಾಪ್ ತನ್ನ ಹೆಸರನ್ನು ಸರ್ವರ್‌ಗೆ ಹೇಳಬಹುದು, ಸರ್ವರ್ ಲ್ಯಾಪ್‌ಟಾಪ್‌ಗೆ ಒಂದು ಹೆಸರನ್ನು ಸೂಚಿಸಬಹುದು. ಒಂದೇ ಕೋಣೆಯಲ್ಲಿ ಕೂತಿರುವ ನೂರಾರು ಯಂತ್ರಗಳಿಗೆ ಇದು ಅನುಕೂಲ. ಊರೂರು ತಿರುಗುವ ಲ್ಯಾಪ್‌ಟಾಪ್‌ಗೆ ಮಾತ್ರ ಇದು ಹೋದಲ್ಲೆಲ್ಲ ಹೊಸ ನಾಮಕರಣ.

ಎರಡನೆಯ ಹೆಜ್ಜೆ: ಸ್ಥಿರ ಹೆಸರನ್ನು ಬರೆಯುವುದು

ಹೆಸರು ಆರಿಸುವಾಗ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇಷ್ಟನ್ನೇ ಬಳಸಬೇಕು. ಅಡ್ಡಗೆರೆ ಮೊದಲಲ್ಲೂ ಕೊನೆಯಲ್ಲೂ ಬರಬಾರದು. ಅಡಿಗೆರೆ, ಎಂದರೆ ಅಂಡರ್‌ಸ್ಕೋರ್, ಹೋಸ್ಟ್‌ನೇಮ್‌ನಲ್ಲಿ ಸಲ್ಲದು. ಕೆಲವು ತಂತ್ರಾಂಶಗಳು ಅದನ್ನು ಸಹಿಸಿಕೊಂಡರೂ ಎಲ್ಲವೂ ಸಹಿಸುವುದಿಲ್ಲ. ಲಿನಕ್ಸ್ ಕರ್ನೆಲ್ 64 ಅಕ್ಷರಗಳವರೆಗೆ ಒಪ್ಪುತ್ತದೆ, ಡಿಎನ್‌ಎಸ್‌ನಲ್ಲಿ ಎರಡು ಚುಕ್ಕಿಗಳ ನಡುವಿನ ಒಂದು ತುಂಡಿಗೆ 63 ಅಕ್ಷರಗಳ ಮಿತಿ ಇದೆ, ಆದರೆ ಹತ್ತು ಅಕ್ಷರಗಳನ್ನು ದಾಟುವ ಹೆಸರನ್ನು ದಿನಕ್ಕೆ ಹತ್ತು ಸಲ ಟೈಪಿಸುವ ಉತ್ಸಾಹ ಯಾರಿಗೂ ಬಹುಕಾಲ ಉಳಿಯುವುದಿಲ್ಲ. ಚುಕ್ಕಿ ಸೇರಿಸಿ ಪೂರ್ಣ ಡೊಮೇನ್ ಹೆಸರನ್ನೇ ಇಲ್ಲಿ ಬರೆಯುವವರಿದ್ದಾರೆ. ಲ್ಯಾಪ್‌ಟಾಪ್‌ಗೆ ಒಂಟಿ ಪದವೇ ಮೇಲು.

ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ನವಿಲು

ಇದು ಕಡತದಲ್ಲೂ ಕರ್ನೆಲ್‌ನಲ್ಲೂ ಒಟ್ಟಿಗೆ ಹೆಸರನ್ನು ಬದಲಿಸುತ್ತದೆ. ಬರೀ ‘ಹೋಸ್ಟ್‌ನೇಮ್ ನವಿಲು’ ಎಂಬ ಹಳೆಯ ಕಮಾಂಡ್ ಕರ್ನೆಲ್‌ನಲ್ಲಿರುವುದನ್ನು ಮಾತ್ರ ಬದಲಿಸುವುದರಿಂದ, ಮತ್ತೆ ಬೂಟ್ ಮಾಡಿದಾಗ ಹಳೆಯ ಹೆಸರೇ ಬರುತ್ತದೆ. ತೆರೆದಿರುವ ಟರ್ಮಿನಲ್‌ನಲ್ಲಿ ಹೊಸ ಹೆಸರು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಶೆಲ್ ತಾನು ಶುರುವಾದಾಗಿನ ಹೆಸರನ್ನೇ ತೋರಿಸುತ್ತಿರುತ್ತದೆ. ಗ್ರಾಫಿಕ್ಸ್ ಅವಧಿಯ ನಡುವೆ ಹೆಸರು ಬದಲಿಸಿದ ಮೇಲೆ ಒಮ್ಮೆ ಮರುಬೂಟ್ ಮಾಡಿಬಿಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಹೋಸ್ಟ್ಸ್ ಕಡತದಲ್ಲಿ ಜೋಡಿ ಸಾಲು

ಯಂತ್ರ ತನ್ನ ಹೆಸರನ್ನು ತಿಳಿದಿದ್ದರೆ ಸಾಲದು, ಆ ಹೆಸರಿಗೆ ವಿಳಾಸ ಯಾವುದೆಂದೂ ತಿಳಿದಿರಬೇಕು. ನೆಟ್‌ವರ್ಕ್ ಇಲ್ಲದ ಪ್ರಯಾಣದಲ್ಲೂ ಈ ಪ್ರಶ್ನೆಗೆ ಉತ್ತರ ಸಿಗಬೇಕಾದುದರಿಂದ ಉತ್ತರ ಯಂತ್ರದೊಳಗೇ ಇರಬೇಕು. /ಇಟಿಸಿ/ಹೋಸ್ಟ್ಸ್ ಕಡತವನ್ನು ಸುಡೊ ಅಧಿಕಾರದಲ್ಲಿ ತೆರೆದು ಈ ಎರಡು ಸಾಲುಗಳು ಇವೆಯೇ ಎಂದು ನೋಡಿ:

127.0.0.1 ಲೋಕಲ್‌ಹೋಸ್ಟ್
127.0.1.1 ನವಿಲು

127ರಿಂದ ಶುರುವಾಗುವ ಅಷ್ಟೂ ವಿಳಾಸಗಳು ಯಂತ್ರ ತನ್ನೊಂದಿಗೆ ತಾನೇ ಮಾತಾಡಿಕೊಳ್ಳಲು ಮೀಸಲಾದವು. ಖಾಯಂ ಐಪಿ ಇಲ್ಲದ ಯಂತ್ರಗಳಿಗೆ 127.0.1.1 ಬಳಸುವುದು ಡೆಬಿಯನ್‌ನ ರೂಢಿ, ಉಬುಂಟುವಿನಲ್ಲೂ ಅದೇ ಇದೆ. ಲೋಕಲ್‌ಹೋಸ್ಟ್ ಸಾಲಿನಿಂದ ಬೇರೆಯಾಗಿ ಇಡುವುದರ ಲಾಭವೇನೆಂದರೆ, 127.0.0.1 ಯಾರು ಎಂದು ಕೇಳಿದಾಗ ಯಾವಾಗಲೂ ಲೋಕಲ್‌ಹೋಸ್ಟ್ ಎಂಬ ಉತ್ತರವೇ ಬರುತ್ತದೆ. ಹೆಸರನ್ನು ಬದಲಿಸಿದಾಗ ಇಲ್ಲಿ ಹಳೆಯ ಹೆಸರನ್ನು ಹಾಗೆಯೇ ಬಿಟ್ಟುಬಿಡುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು, ಸುಡೊ ದೂರುವುದಕ್ಕೂ ಬಹುಪಾಲು ಅದೇ ಕಾರಣ. ಪೂರ್ಣ ಡೊಮೇನ್ ಹೆಸರು ಬೇಕಿದ್ದವರು ಅದನ್ನು ವಿಳಾಸದ ಪಕ್ಕದಲ್ಲೇ ಮೊದಲು ಬರೆದು, ಗಿಡ್ಡ ಹೆಸರನ್ನು ಅದರ ನಂತರ ಬರೆಯಬೇಕು. ಮೊದಲು ಬರುವ ಹೆಸರೇ ಅಧಿಕೃತ ಹೆಸರು ಎಂದು ಲೆಕ್ಕ.

ಫೆಡೋರಾ, ಆರ್ಚ್ ಬಳಸುವವರು ತಮ್ಮಲ್ಲಿ ಈ ಎರಡನೆಯ ಸಾಲು ಇಲ್ಲದೆಯೂ ಎಲ್ಲ ಸರಿಯಿದೆಯಲ್ಲ ಎನ್ನಬಹುದು. /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಕಡತದ ‘ಹೋಸ್ಟ್ಸ್’ ಸಾಲಿನಲ್ಲಿ ‘ಮೈಹೋಸ್ಟ್‌ನೇಮ್’ ಎಂಬ ಪದವಿದ್ದರೆ, ಸಿಸ್ಟಮ್‌ಡಿಯ ಪುಟ್ಟ ಘಟಕವೊಂದು ಯಂತ್ರದ ಹೆಸರಿಗೆ ತಾನೇ ಉತ್ತರ ಕೊಡುತ್ತದೆ. ಅದೇ ಸಾಲಿನಲ್ಲಿ ‘ಫೈಲ್ಸ್’ ಎಂಬುದು ‘ಡಿಎನ್‌ಎಸ್’ಗಿಂತ ಮೊದಲು ಬಂದಿದೆಯೇ ಎಂದೂ ನೋಡಿಕೊಳ್ಳಿ. ಹೋಸ್ಟ್ಸ್ ಕಡತದಲ್ಲಿ ಬರೆದದ್ದು ಹೊರಗಿನ ಉತ್ತರಕ್ಕಿಂತ ಮೇಲಾಗಿ ನಿಲ್ಲುವುದು ಆ ಕ್ರಮದಿಂದಲೇ.

ನಾಲ್ಕನೆಯ ಹೆಜ್ಜೆ: ಬರೆಯುವ ಸೇವೆಗಳಿಗೆ ತಡೆ

ಮೇಲಿನ ಮೂರು ಹೆಜ್ಜೆಗಳಲ್ಲೇ ಬಹಳ ಜನರ ಸಮಸ್ಯೆ ಮುಗಿಯುತ್ತದೆ. ಮುಗಿಯದವರ ಯಂತ್ರದಲ್ಲಿ, ಸ್ಥಿರ ಹೆಸರನ್ನು ಲೆಕ್ಕಿಸದೆ ನೇರವಾಗಿ ಕರ್ನೆಲ್‌ಗೆ ಹೆಸರು ಬರೆಯುವ ಸೇವೆಯೊಂದು ಇದೆ ಎಂದರ್ಥ. ಯಾವ ಸೇವೆ ನೆಟ್‌ವರ್ಕ್ ನೋಡಿಕೊಳ್ಳುತ್ತಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ, ಮುಂದಿನ ಭಾಗದಲ್ಲಿ ನಿಮಗೆ ಸಂಬಂಧಿಸಿದ್ದನ್ನಷ್ಟೇ ಮಾಡಿ.

ಗ್ನೋಮ್, ಕೆಡಿಇ ಮುಂತಾದ ಡೆಸ್ಕ್‌ಟಾಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನೆಟ್‌ವರ್ಕ್ ಮ್ಯಾನೇಜರ್. ಅದರ ಮುಖ್ಯ ಕಡತವನ್ನು ತಿದ್ದುವ ಬದಲು /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ ಎಂಬ ಕೋಶದೊಳಗೆ ‘ಹೆಸರು.ಕಾನ್ಫ್’ ಎಂಬಂತೆ ಹೊಸ ಕಡತವೊಂದನ್ನು ಸೃಷ್ಟಿಸಿ. ಹಾದಿಯಲ್ಲಿರುವ ನೆಟ್‌ವರ್ಕ್‌ಮ್ಯಾನೇಜರ್ ಎಂಬುದರಲ್ಲಿ ಎನ್ ಮತ್ತು ಎಮ್ ದೊಡ್ಡಕ್ಷರಗಳು, ನಡುವೆ ಖಾಲಿ ಜಾಗ ಇಲ್ಲ. ಕಡತದಲ್ಲಿ ಇರಬೇಕಾದದ್ದು ಎರಡೇ ಸಾಲು:

[ಮೈನ್]
ಹೋಸ್ಟ್‌ನೇಮ್-ಮೋಡ್=ನನ್

‘ನನ್’ ಎಂಬುದು ಇಂಗ್ಲಿಷಿನಲ್ಲಿ ‘ಯಾವುದೂ ಇಲ್ಲ’ ಎನ್ನುವ ಪದ. ಇದರಿಂದ ನೆಟ್‌ವರ್ಕ್ ಮ್ಯಾನೇಜರ್ ತಾತ್ಕಾಲಿಕ ಹೆಸರಿನ ವಿಚಾರಕ್ಕೇ ಹೋಗುವುದಿಲ್ಲ. ಇದೇ ಜಾಗದಲ್ಲಿ ‘ಡಿಎಚ್‌ಸಿಪಿ’ ಎಂದು ಬರೆದರೆ ಡಿಎಚ್‌ಸಿಪಿ ಕೊಟ್ಟದ್ದನ್ನು ಮಾತ್ರ ಒಪ್ಪುತ್ತದೆ, ಡಿಎನ್‌ಎಸ್‌ನ ತಿರುವುಮುರುವು ಹುಡುಕಾಟ ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗೆ ಅದರಿಂದ ಉಪಯೋಗ ಕಡಿಮೆ. ಕಡತ ಉಳಿಸಿದ ಮೇಲೆ ಸೇವೆಯನ್ನು ಮತ್ತೆ ಶುರು ಮಾಡಿ, ಇಲ್ಲೂ ಎನ್ ಮತ್ತು ಎಮ್ ದೊಡ್ಡಕ್ಷರಗಳೇ:

ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್

ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವವರು ತಮ್ಮ ಸಂಪರ್ಕದ ‘.ನೆಟ್‌ವರ್ಕ್’ ಕಡತದಲ್ಲಿ [ಡಿಎಚ್‌ಸಿಪಿವಿ4] ಎಂಬ ವಿಭಾಗದ ಕೆಳಗೆ (ಇದರಲ್ಲಿ ಡಿ, ಎಚ್, ಸಿ, ಪಿ ದೊಡ್ಡಕ್ಷರಗಳು, ವಿ ಸಣ್ಣಕ್ಷರ) ‘ಯೂಸ್‌ಹೋಸ್ಟ್‌ನೇಮ್=ನೋ’ ಎಂದು ಸೇರಿಸಬೇಕು; ‘ಯೂಸ್‌ಹೋಸ್ಟ್‌ನೇಮ್’ ಪದದಲ್ಲಿ ಯು ಮತ್ತು ಎಚ್ ದೊಡ್ಡಕ್ಷರಗಳು. ಡಿಎಚ್‌ಸಿಪಿಸಿಡಿ ಇದ್ದರೆ ಅದರ ಕಾನ್ಫ್ ಕಡತದಲ್ಲಿ ‘ನೋಹುಕ್ ಹೋಸ್ಟ್‌ನೇಮ್’ ಎಂಬ ಒಂದು ಸಾಲು. ಹಳೆಯ ಡಿಎಚ್‌ಕ್ಲೈಂಟ್ ಬಳಸುತ್ತಿದ್ದರೆ, ಅದರ ಕಾನ್ಫ್ ಕಡತದ ‘ರಿಕ್ವೆಸ್ಟ್’ ಪಟ್ಟಿಯಿಂದ ‘ಹೋಸ್ಟ್-ನೇಮ್’ ಎಂಬುದನ್ನು ತೆಗೆದುಹಾಕಿದರೆ ಯಂತ್ರವು ಹೆಸರನ್ನು ಕೇಳುವುದನ್ನೇ ನಿಲ್ಲಿಸುತ್ತದೆ. ಇದರ ಮೂಲ ತಂಡ 2022ರಲ್ಲೇ ಈ ತಂತ್ರಾಂಶದ ನಿರ್ವಹಣೆಯನ್ನು ನಿಲ್ಲಿಸಿರುವುದರಿಂದ, ಸಾಧ್ಯವಾದರೆ ಬೇರೆಯದಕ್ಕೆ ಹೋಗುವುದೇ ಸೂಕ್ತ.

ಇನ್ನೊಬ್ಬ ಅನಿರೀಕ್ಷಿತ ಅತಿಥಿ ಎಂದರೆ, ಬೂಟ್ ಆಗುವಾಗ ಯಂತ್ರವನ್ನು ಸಿದ್ಧಪಡಿಸುವ ಕ್ಲೌಡ್-ಇನಿಟ್. ಇದು ಬಾಡಿಗೆ ಸರ್ವರ್‌ಗಳಿಗಾಗಿ ರೂಪುಗೊಂಡದ್ದು. ಉಬುಂಟು ಸರ್ವರ್ ಆವೃತ್ತಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಅದರ ಮೇಲೆ ಡೆಸ್ಕ್‌ಟಾಪ್ ಕಟ್ಟಿಕೊಂಡವರ ಯಂತ್ರದಲ್ಲಿ ಇದು ಉಳಿದಿರುತ್ತದೆ. /ಇಟಿಸಿ/ಕ್ಲೌಡ್/ಕ್ಲೌಡ್.ಸಿಎಫ್‌ಜಿ ಕಡತದಲ್ಲಿ ‘ಪ್ರಿಸರ್ವ್_ಹೋಸ್ಟ್‌ನೇಮ್’ ಎಂಬುದರ ಮುಂದೆ ‘ಟ್ರೂ’ ಎಂದು ಬರೆದರೆ ಅದು ಹೆಸರಿನ ತಂಟೆಗೆ ಬರುವುದಿಲ್ಲ. ಹೋಸ್ಟ್ಸ್ ಕಡತ ಪ್ರತಿ ಬೂಟ್‌ನಲ್ಲೂ ಮೊದಲಿನಂತಾಗುತ್ತಿದ್ದರೆ ‘ಮ್ಯಾನೇಜ್_ಇಟಿಸಿ_ಹೋಸ್ಟ್ಸ್’ ಎಂಬುದು ಎಲ್ಲಾದರೂ ‘ಟ್ರೂ’ ಆಗಿದೆಯೇ ಎಂದು ಹುಡುಕಿ, ‘ಫಾಲ್ಸ್’ ಮಾಡಿ.

ಐದನೆಯ ಹೆಜ್ಜೆ: ಬೇರೆ ಯಂತ್ರಗಳಿಗೆ ನೀವಿಟ್ಟ ಹೆಸರುಗಳು

ಇಲ್ಲಿಯವರೆಗೆ ಲ್ಯಾಪ್‌ಟಾಪ್‌ನ ಸ್ವಂತ ಹೆಸರಿನ ವಿಚಾರವಾಯಿತು. ನಿಜವಾಗಿ ತಲೆ ಕೆರೆದುಕೊಳ್ಳಬೇಕಾದದ್ದು ಈ ಭಾಗದಲ್ಲಿ. ಮನೆಯಲ್ಲಿ ಕಡತಗಳನ್ನು ಇಡಲು ಒಂದು ಚಿಕ್ಕ ಸರ್ವರ್ ಇದೆ, ಅದಕ್ಕೆ ‘ಗೂಡು’ ಎಂದು ಹೆಸರಿಟ್ಟು ಹೋಸ್ಟ್ಸ್ ಕಡತದಲ್ಲಿ 192.168.1.10 ಎಂಬ ವಿಳಾಸ ಬರೆದಿದ್ದೀರಿ ಎಂದುಕೊಳ್ಳಿ. ಹೋಸ್ಟ್ಸ್ ಕಡತಕ್ಕೆ ನೀವು ಎಲ್ಲಿದ್ದೀರಿ ಎಂಬುದು ತಿಳಿಯದು. ಬೇರೊಂದು ಕಡೆಯ ನೆಟ್‌ವರ್ಕ್ ಸಹ 192.168.1 ಸರಣಿಯನ್ನೇ ಬಳಸುತ್ತಿರುವ ಸಾಧ್ಯತೆ ದೊಡ್ಡದು, ಏಕೆಂದರೆ ಎಷ್ಟೋ ರೌಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ ಆ ಸರಣಿಯೊಂದಿಗೆ ಬರುತ್ತವೆ. ಅಲ್ಲಿ ಕೂತು ‘ಗೂಡು’ ಎಂದು ಕರೆದರೆ, ಅಪರಿಚಿತರ ಪ್ರಿಂಟರೋ ಕ್ಯಾಮೆರಾವೋ ಓಗೊಡಬಹುದು. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಆಗಿದ್ದರೆ ಯಂತ್ರದ ಗುರುತಿನ ಕೀಲಿ ಬದಲಾಗಿದೆ ಎಂದು ದೊಡ್ಡದಾಗಿ ಎಚ್ಚರಿಸಿ ನಿಲ್ಲುತ್ತದೆ. ಆ ಎಚ್ಚರಿಕೆ ಬಂದಾಗ ಹಳೆಯ ಕೀಲಿಯನ್ನು ಅಳಿಸಿ ಮುಂದುವರಿಯುವ ಅಭ್ಯಾಸವಿದ್ದವರು ದಯವಿಟ್ಟು ಅದನ್ನು ಬಿಡಬೇಕು. ಆಗ ಅದು ಹೇಳುತ್ತಿರುವುದು ಅಕ್ಷರಶಃ ಸತ್ಯ.

ಆದ್ದರಿಂದ ಹೋಸ್ಟ್ಸ್ ಕಡತದಲ್ಲಿ, ಎಲ್ಲ ನೆಟ್‌ವರ್ಕ್‌ಗಳಲ್ಲೂ ನಿಜವಾಗಿರುವ ಸಾಲುಗಳನ್ನು ಮಾತ್ರ ಇಡುವುದು ನನ್ನ ಕಟ್ಟುನಿಟ್ಟಿನ ನಿಯಮ: ಸ್ವಂತ ಹೆಸರು, ಯಂತ್ರದೊಳಗೇ ನಡೆಯುವ ಅಭಿವೃದ್ಧಿ ತಾಣಗಳಿಗೆ 127.0.0.1ರ ಸಾಲುಗಳು, ಬದಲಾಗದ ವಿಪಿಎನ್ ವಿಳಾಸಗಳು. ಮನೆಯಲ್ಲಿ ಮಾತ್ರ ನಿಜವಾಗಿರುವ ಹೆಸರು ಮನೆಯ ನೆಟ್‌ವರ್ಕ್‌ನಲ್ಲೇ ಇರಬೇಕು. ರೌಟರ್‌ನಲ್ಲಿ ಸ್ಥಳೀಯ ಹೆಸರುಗಳನ್ನು ಬರೆಯುವ ಅವಕಾಶವಿದ್ದರೆ ಅಲ್ಲಿ ಬರೆಯಿರಿ. ಲ್ಯಾಪ್‌ಟಾಪ್ ಮನೆಗೆ ಬಂದಾಗ ರೌಟರ್‌ನ ಡಿಎನ್‌ಎಸ್‌ನಿಂದ ಹೆಸರು ಸಿಗುತ್ತದೆ, ಹೊರಗೆ ಹೋದಾಗ ತಾನಾಗಿಯೇ ಸಿಗದಂತಾಗುತ್ತದೆ. ಸರ್ವರ್‌ನಲ್ಲಿ, ಯಂತ್ರದ ಹೆಸರನ್ನು ಸ್ಥಳೀಯ ನೆಟ್‌ವರ್ಕ್‌ನಲ್ಲಿ ಸಾರುವ ಅವಾಹಿ ಎಂಬ ಸೇವೆ ಇದ್ದರೆ ಅದೂ ಬೇಡ, ‘ಗೂಡು.ಲೋಕಲ್’ ಎಂದು ಕರೆದರೆ ಸಾಕು. ಅದು 224.0.0.251 ಎಂಬ ಗುಂಪು ವಿಳಾಸಕ್ಕೆ 5353ನೆಯ ಪೋರ್ಟ್‌ನಲ್ಲಿ ಕೂಗಿ ಕೇಳುವ ಪದ್ಧತಿಯಾದ್ದರಿಂದ, ಅದೇ ನೆಟ್‌ವರ್ಕ್‌ನಲ್ಲಿ ಇದ್ದವರಿಗೆ ಮಾತ್ರ ಕೇಳುತ್ತದೆ.

ಇಲ್ಲಿ ಹೆಸರಿನ ಬಾಲದ ಬಗ್ಗೆಯೂ ಎಚ್ಚರ ಬೇಕು. ‘.ಲೋಕಲ್’ ಎಂಬುದು 2013ರಿಂದ ಈ ಕೂಗುವ ಪದ್ಧತಿಗೇ ಮೀಸಲು. ಹೋಸ್ಟ್ಸ್ ಕಡತದಲ್ಲೋ ರೌಟರ್‌ನಲ್ಲೋ ಅದನ್ನು ಬಳಸಿದರೆ ಎರಡು ಪದ್ಧತಿಗಳು ಡಿಕ್ಕಿ ಹೊಡೆಯುತ್ತವೆ. ಮನೆಯ ನೆಟ್‌ವರ್ಕ್‌ಗೆಂದೇ ‘ಹೋಮ್.ಆರ್ಪಾ’ ಎಂಬ ಬಾಲವನ್ನು 2018ರಲ್ಲಿ ಮೀಸಲಿಟ್ಟಿದ್ದಾರೆ, ಪರೀಕ್ಷೆಗಳಿಗೆ ‘.ಟೆಸ್ಟ್’ ಇದೆ. ಯಾರದೂ ಅಲ್ಲ ಎಂದುಕೊಂಡು ಇಷ್ಟಬಂದ ಬಾಲವನ್ನು ಬಳಸಿದವರಿಗೆ ಏನಾಗುತ್ತದೆ ಎಂಬುದಕ್ಕೆ ‘.ಡೆವ್’ ಒಳ್ಳೆಯ ಉದಾಹರಣೆ. ಅಭಿವರ್ಧಕರು ವರ್ಷಗಟ್ಟಲೆ ಹೋಸ್ಟ್ಸ್ ಕಡತದಲ್ಲಿ ಅದನ್ನು ಬಳಸುತ್ತಿದ್ದರು. ಆ ಬಾಲ ಗೂಗಲ್‌ನ ಒಡೆತನದಲ್ಲಿತ್ತು. 2017ರ ಡಿಸೆಂಬರ್‌ನಲ್ಲಿ ಬಂದ ಕ್ರೋಮ್ 63 ಅದಕ್ಕೆ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದಾಗ ಅವರ ಸ್ಥಳೀಯ ತಾಣಗಳು ಒಮ್ಮೆಲೇ ತೆರೆಯದಾದವು.

ರೌಟರ್ ಮುಟ್ಟುವ ಅಧಿಕಾರ ಇಲ್ಲ, ಅವಾಹಿಯೂ ಇಲ್ಲ ಎನ್ನುವವರಿಗೆ ನೆಟ್‌ವರ್ಕ್ ಮ್ಯಾನೇಜರ್‌ನ ಡಿಸ್ಪ್ಯಾಚರ್ ಉಳಿದಿದೆ. /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಡಿಸ್ಪ್ಯಾಚರ್.ಡಿ ಕೋಶದಲ್ಲಿ ಇಟ್ಟ ಶೆಲ್ ಸ್ಕ್ರಿಪ್ಟ್, ಪ್ರತಿ ಸಲ ಸಂಪರ್ಕ ಏರಿದಾಗ ಅಥವಾ ಇಳಿದಾಗ ರೂಟ್ ಅಧಿಕಾರದಲ್ಲಿ ಓಡುತ್ತದೆ. ಅದಕ್ಕೆ ಎರಡು ಸಂಗತಿಗಳನ್ನು ಕೊಡಲಾಗುತ್ತದೆ: ಮೊದಲನೆಯದು ಇಂಟರ್‌ಫೇಸ್‌ನ ಹೆಸರು, ಎರಡನೆಯದು ‘ಅಪ್’ ಅಥವಾ ‘ಡೌನ್’ ಎಂಬ ಘಟನೆ. ಯಾವ ಸಂಪರ್ಕ ಎಂಬುದು, ಎಂದರೆ ಅದರ ಯುಯುಐಡಿ ಎಂಬ ಅನನ್ಯ ಗುರುತು, ‘ಕನೆಕ್ಷನ್_ಯುಯುಐಡಿ’ ಎಂಬ ದೊಡ್ಡಕ್ಷರಗಳ ಪರಿಸರ ಚರದಲ್ಲಿರುತ್ತದೆ. ಮಾಡಬೇಕಾದದ್ದು ಇಷ್ಟು: ಎಲ್ಲ ಕಡೆ ನಿಜವಾಗಿರುವ ಸಾಲುಗಳನ್ನು /ಇಟಿಸಿ/ಹೋಸ್ಟ್ಸ್.ಮೂಲ ಎಂಬಂತಹ ಕಡತದಲ್ಲೂ, ಮನೆಯ ಸಾಲುಗಳನ್ನು /ಇಟಿಸಿ/ಹೋಸ್ಟ್ಸ್.ಮನೆ ಎಂಬಂತಹ ಕಡತದಲ್ಲೂ ಇಟ್ಟುಕೊಳ್ಳಬೇಕು. ಘಟನೆ ‘ಅಪ್’ ಆಗಿದ್ದು ಯುಯುಐಡಿ ಮನೆಯದ್ದಾಗಿದ್ದರೆ, ಸ್ಕ್ರಿಪ್ಟ್ ‘ಕ್ಯಾಟ್’ ಕಮಾಂಡ್‌ನಿಂದ ಎರಡನ್ನೂ ಜೋಡಿಸಿ /ಇಟಿಸಿ/ಹೋಸ್ಟ್ಸ್‌ಗೆ ಬರೆಯಬೇಕು. ಅದೇ ಸಂಪರ್ಕ ‘ಡೌನ್’ ಆದಾಗ ಮೂಲದ ಸಾಲುಗಳನ್ನಷ್ಟೇ ಬರೆಯಬೇಕು. ಸಂಪರ್ಕದ ಹೆಸರಿಗಿಂತ ಯುಯುಐಡಿ ಬಳಸಲು ಹೇಳಿದ್ದು, ಒಂದೇ ಹೆಸರಿನ ಎರಡು ಸಂಪರ್ಕಗಳು ಇರಬಹುದಾದುದರಿಂದ. ‘ಎನ್‌ಎಮ್‌ಸಿಎಲ್‌ಐ ಕನೆಕ್ಷನ್ ಶೋ’ ಎಂದು ಕೇಳಿದರೆ ಯುಯುಐಡಿಗಳ ಪಟ್ಟಿ ಸಿಗುತ್ತದೆ.

ಸ್ಕ್ರಿಪ್ಟ್‌ನ ಒಡೆತನ ರೂಟ್‌ನದ್ದಾಗಿರಬೇಕು, ಓಡಿಸುವ ಅನುಮತಿ ಇರಬೇಕು, ರೂಟ್ ಬಿಟ್ಟು ಬೇರೆ ಯಾರಿಗೂ ತಿದ್ದುವ ಅನುಮತಿ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಓಡಿಸುವುದಿಲ್ಲ. ಹಾಗಿದ್ದರೂ ಈ ದಾರಿಯನ್ನು ನಾನು ಕೊನೆಯ ಆಯ್ಕೆಯಾಗಿಯೇ ಇಟ್ಟಿದ್ದೇನೆ. ವಿದ್ಯುತ್ ಹೋದಂತೆ ಯಂತ್ರ ಥಟ್ಟನೆ ನಿಂತರೆ ‘ಡೌನ್’ ಘಟನೆ ಬರುವುದೇ ಇಲ್ಲ, ಮನೆಯ ಸಾಲುಗಳು ಹಾಗೆಯೇ ಉಳಿದುಬಿಡುತ್ತವೆ. ಮನೆಯದ್ದಲ್ಲದ ಯಾವುದೇ ವೈ-ಫೈ ಏರಿದಾಗಲೂ ಮೂಲವನ್ನೇ ಬರೆಯುವಂತೆ ಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಶರತ್ತು ಸೇರಿಸಿದರೆ ಈ ತೂತು ಮುಚ್ಚುತ್ತದೆ.

ಡಿಎನ್‌ಎಸ್ ಕಡತದ ಬಗ್ಗೆ ಚಿಕ್ಕ ಮಾತು

/ಇಟಿಸಿ/ರಿಸಾಲ್ವ್.ಕಾನ್ಫ್ ಕಡತ ನೆಟ್‌ವರ್ಕ್ ಬದಲಾದಂತೆ ಬದಲಾಗುವುದು ದೋಷವಲ್ಲ, ಅದರ ಕೆಲಸವೇ ಅದು. ಉಬುಂಟು, ಫೆಡೋರಾಗಳಲ್ಲಿ ಅದು ಸಾಮಾನ್ಯವಾಗಿ ಸಿಸ್ಟಮ್‌ಡಿ-ರಿಸಾಲ್ವ್‌ಡಿಯ ಕಡತವೊಂದಕ್ಕೆ ಕೊಂಡಿಯಾಗಿದ್ದು, ಒಳಗೆ 127.0.0.53 ಎಂಬ ವಿಳಾಸ ಕಾಣುತ್ತದೆ. ನಿಜವಾದ ಸರ್ವರ್‌ಗಳನ್ನು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ತೋರಿಸುತ್ತದೆ. ಇದಕ್ಕೆ ಬೀಗ ಹಾಕಿದವರು ಅತಿಥಿ ವೈ-ಫೈಗಳಲ್ಲಿ ಮೊದಲು ಬರಬೇಕಾದ ಲಾಗಿನ್ ಪುಟವೇ ತೆರೆಯದೆ ಒದ್ದಾಡುತ್ತಾರೆ. ನಿರ್ದಿಷ್ಟ ಸಂಪರ್ಕವೊಂದರಲ್ಲಿ ನಿಮ್ಮದೇ ಡಿಎನ್‌ಎಸ್ ಬೇಕಿದ್ದರೆ, ಆ ಸಂಪರ್ಕದ ಸಿದ್ಧತೆಯಲ್ಲಿ ‘ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್’ ಎಂಬುದನ್ನು ‘ಯೆಸ್’ ಮಾಡಿ, ‘ಐಪಿವಿ4.ಡಿಎನ್‌ಎಸ್’ ಎಂಬಲ್ಲಿ ವಿಳಾಸ ಕೊಡಿ.

ಆರನೆಯ ಹೆಜ್ಜೆ: ಹೆಸರನ್ನು ಹೊರಗೆ ಹೇಳಬೇಕೇ

ಹೆಸರನ್ನು ಸ್ಥಿರಗೊಳಿಸಿದ ಮೇಲೆ ಹೊಸದೊಂದು ಪ್ರಶ್ನೆ ಏಳುತ್ತದೆ. ಲ್ಯಾಪ್‌ಟಾಪ್ ಸೇರುವ ಪ್ರತಿ ನೆಟ್‌ವರ್ಕ್‌ಗೂ 12ನೆಯ ಆಯ್ಕೆಯ ಮೂಲಕ ತನ್ನ ಹೆಸರನ್ನು ಹೇಳುತ್ತದೆ. ವೈ-ಫೈ ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ಎಷ್ಟು ಬದಲಿಸಿದರೂ, ಬದಲಾಗದ ಹೆಸರು ಅದೇ ಯಂತ್ರ ಮತ್ತೆ ಬಂದಿದೆ ಎಂದು ಸಾರುತ್ತದೆ. ಹೆಸರಿನಲ್ಲಿ ನಿಮ್ಮ ಸ್ವಂತ ಹೆಸರೂ ಸೇರಿದ್ದರೆ ಹೇಳುವುದೇ ಬೇಡ. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2017ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 8117 ಎಂಬ ದಾಖಲೆ ಈ ರೂಢಿಯನ್ನು ಹಾನಿಕರವೆಂದೇ ಕರೆದಿದೆ. ಸಾರ್ವಜನಿಕ ವೈ-ಫೈಗಳಿಗೆ ಹೆಸರು ಕಳಿಸುವುದನ್ನು ಹೀಗೆ ನಿಲ್ಲಿಸಬಹುದು, ‘ಸಂಪರ್ಕ’ ಎಂದಿರುವಲ್ಲಿ ಆ ಸಂಪರ್ಕದ ಹೆಸರು ಬರಬೇಕು:

ಎನ್‌ಎಮ್‌ಸಿಎಲ್‌ಐ ಕನೆಕ್ಷನ್ ಮಾಡಿಫೈ ಸಂಪರ್ಕ ಐಪಿವಿ4.ಡಿಎಚ್‌ಸಿಪಿ-ಸೆಂಡ್-ಹೋಸ್ಟ್‌ನೇಮ್ ನೋ

ಐಪಿವಿ6ಗೂ ಇದೇ ರೀತಿಯ ಆಯ್ಕೆ ಇದೆ, ಎರಡನ್ನೂ ಮಾಡಬೇಕು. ಮನೆಯ ಸಂಪರ್ಕದಲ್ಲಿ ಮಾತ್ರ ಇದನ್ನು ಹಾಗೆಯೇ ಬಿಡಿ, ಏಕೆಂದರೆ ಹಲವು ರೌಟರ್‌ಗಳು ಹೀಗೆ ಬಂದ ಹೆಸರನ್ನೇ ತಮ್ಮ ಡಿಎನ್‌ಎಸ್‌ಗೆ ಸೇರಿಸಿಕೊಂಡು, ಉಳಿದ ಯಂತ್ರಗಳು ನಿಮ್ಮ ಲ್ಯಾಪ್‌ಟಾಪನ್ನು ಹೆಸರಿನಿಂದ ಕರೆಯಲು ಅನುವು ಮಾಡಿಕೊಡುತ್ತವೆ. ಅವಾಹಿಯೂ ಹೆಸರನ್ನು ಸಾರುತ್ತದೆ ಎಂಬುದು ನೆನಪಿರಲಿ. ಹೊರಗೆ ಅದು ಬೇಡವೆನಿಸಿದರೆ ಸೇವೆಯನ್ನು ನಿಲ್ಲಿಸಬಹುದು.

ಏಳನೆಯ ಹೆಜ್ಜೆ: ಪರೀಕ್ಷೆ

ಎರಡನೆಯ ನೆಟ್‌ವರ್ಕ್ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಮನೆಯ ವೈ-ಫೈಯಿಂದ ಅದಕ್ಕೆ ಬದಲಾಗಿ ಹೋಸ್ಟ್‌ನೇಮ್‌ಸಿಟಿಎಲ್ ನೋಡಿ. ಲ್ಯಾಪ್‌ಟಾಪನ್ನು ನಿದ್ರೆಗೆ ಕಳಿಸಿ ಎಬ್ಬಿಸಿ ನೋಡಿ. ಮರುಬೂಟ್ ಮಾಡಿ ನೋಡಿ. ನೆಟ್‌ವರ್ಕ್ ಪೂರ್ತಿ ಆರಿಸಿ ‘ಸುಡೊ’ ತಡವಿಲ್ಲದೆ ಓಡುತ್ತದೆಯೇ ಎಂದೂ ನೋಡಿ. ಹೆಸರಿನಿಂದ ವಿಳಾಸ ಸಿಗುತ್ತದೆಯೇ ಎಂದು ತಿಳಿಯಲು ‘ಗೆಟ್‌ಎಂಟ್ ಹೋಸ್ಟ್ಸ್ ನವಿಲು’ ಎಂದು ಕೇಳಬೇಕು. ‘ಡಿಗ್’ ಬಳಸಿ ಹೋಸ್ಟ್ಸ್ ಕಡತ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸುವವರು ಬಹಳ. ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರ್ ಅನ್ನು ಕೇಳುತ್ತದೆ, ಹೋಸ್ಟ್ಸ್ ಕಡತವನ್ನು ತೆರೆದೂ ನೋಡುವುದಿಲ್ಲ. ಗೆಟ್‌ಎಂಟ್ ಮಾತ್ರ ಉಳಿದ ತಂತ್ರಾಂಶಗಳು ಹೋಗುವ ದಾರಿಯಲ್ಲೇ ಹೋಗುತ್ತದೆ.

ಅವಾಹಿ ಒಮ್ಮೊಮ್ಮೆ ನಿಮ್ಮನ್ನು ‘ನವಿಲು-2.ಲೋಕಲ್’ ಎಂದು ಕರೆದರೆ ಯಂತ್ರದ ಹೆಸರು ಬದಲಾಗಿದೆ ಎಂದಲ್ಲ. ಆ ನೆಟ್‌ವರ್ಕ್‌ನಲ್ಲಿ ಅದೇ ಹೆಸರಿನ ಮತ್ತೊಂದು ಯಂತ್ರ ಕಂಡಿತೆಂದು, ಅಥವಾ ತಂತಿ ಮತ್ತು ವೈ-ಫೈ ಎರಡರಲ್ಲೂ ಸೇರಿರುವಾಗ ತನ್ನ ಧ್ವನಿಯೇ ತನಗೆ ಮರಳಿ ಕೇಳಿತೆಂದು, ಅದು ತನ್ನ ಮಟ್ಟಿಗೆ ಸಂಖ್ಯೆ ಸೇರಿಸಿಕೊಂಡಿರುತ್ತದೆ.

ಇಷ್ಟಾದರೂ ಹೆಸರು ಬದಲಾಗುತ್ತಲೇ ಇದ್ದರೆ, ಊಹೆ ಬಿಟ್ಟು ಸಾಕ್ಷಿ ಕೇಳುವ ಸಮಯ ಬಂದಿದೆ. ಮೊದಲು ‘ಜರ್ನಲ್‌ಸಿಟಿಎಲ್ -ಬಿ’ ಓಡಿಸಿ, ಈ ಬೂಟ್‌ನ ದಾಖಲೆಯಲ್ಲಿ ‘ಹೋಸ್ಟ್‌ನೇಮ್’ ಎಂಬ ಪದವಿರುವ ಸಾಲುಗಳನ್ನು ‘ಗ್ರೆಪ್’ನಿಂದ ಸೋಸಿ ನೋಡಿ, ನೆಟ್‌ವರ್ಕ್ ಮ್ಯಾನೇಜರ್ ಬರೆದಿದ್ದರೆ ಯಾವ ಮೂಲದಿಂದ ಹೆಸರು ತಂದಿತು ಎಂಬುದನ್ನೂ ಅಲ್ಲೇ ಹೇಳಿರುತ್ತದೆ. ಅಲ್ಲೂ ಸುಳಿವು ಸಿಗದಿದ್ದರೆ, ಯಾವ ಪ್ರೋಗ್ರಾಮ್ ಏನು ಮಾಡಿತು ಎಂದು ದಾಖಲಿಸುವ ಆಡಿಟ್ ಸೇವೆಯನ್ನು ಅನುಸ್ಥಾಪಿಸಿ, 64 ಬಿಟ್ ಯಂತ್ರದಲ್ಲಿ ಈ ಕಾವಲು ಇಡಿ. ಇದರಲ್ಲಿ ಎಫ್ ಮತ್ತು ಎಸ್ ಎಂಬ ಒಂಟಿ ಅಕ್ಷರಗಳು ಮಾತ್ರ ದೊಡ್ಡಕ್ಷರಗಳು:

ಸುಡೊ ಆಡಿಟ್‌ಸಿಟಿಎಲ್ -ಎ ಆಲ್ವೇಸ್,ಎಕ್ಸಿಟ್ -ಎಫ್ ಆರ್ಚ್=ಬಿ64 -ಎಸ್ ಸೆಟ್‌ಹೋಸ್ಟ್‌ನೇಮ್ -ಕೆ ಹೆಸರು

ಇನ್ನು ಮುಂದೆ ಯಾವ ಪ್ರೋಗ್ರಾಮ್ ಕರ್ನೆಲ್‌ನಲ್ಲಿರುವ ಹೆಸರನ್ನು ಬದಲಿಸಲು ಹೋದರೂ ಅದರ ದಾಖಲೆ ಉಳಿಯುತ್ತದೆ. ನೆಟ್‌ವರ್ಕ್ ಬದಲಿಸಿ, ಹೆಸರು ಕೆಟ್ಟ ಮೇಲೆ ‘ಸುಡೊ ಎಯುಸರ್ಚ್ -ಕೆ ಹೆಸರು’ ಎಂದು ಕೇಳಿದರೆ ಬರೆದ ಪ್ರೋಗ್ರಾಮ್‌ನ ಹಾದಿ ಸಿಗುತ್ತದೆ. ಅಲ್ಲಿ ಕಾಣುವುದು ಸಿಸ್ಟಮ್‌ಡಿ-ಹೋಸ್ಟ್‌ನೇಮ್‌ಡಿ ಆಗಿದ್ದರೆ ಅದು ಬೇರೊಬ್ಬರ ಮಾತಿನಂತೆ ನಡೆದ ಕೈ ಮಾತ್ರ. ಅದೇ ಕ್ಷಣದ ಜರ್ನಲ್ ಸಾಲುಗಳಲ್ಲಿ, ಅದಕ್ಕೆ ಹೇಳಿಕಳಿಸಿದವರು ಯಾರೆಂದು ನೋಡಿ. ಹೋಸ್ಟ್ಸ್ ಕಡತವನ್ನು ಯಾರೋ ತಿದ್ದುತ್ತಿದ್ದಾರೆ ಎಂಬ ಅನುಮಾನಕ್ಕೂ ಇದೇ ಉಪಾಯ ನಡೆಯುತ್ತದೆ: ‘-ಡಬ್ಲ್ಯು /ಇಟಿಸಿ/ಹೋಸ್ಟ್ಸ್ -ಪಿ ಡಬ್ಲ್ಯುಎ’ ಎಂದು ಆಡಿಟ್‌ಸಿಟಿಎಲ್‌ಗೆ ಹೇಳಿದರೆ, ಕಡತಕ್ಕೆ ಬರೆದ ಪ್ರತಿಯೊಬ್ಬರೂ ದಾಖಲಾಗುತ್ತಾರೆ. ಈ ಎರಡೂ ಕಾವಲುಗಳು ಮರುಬೂಟ್ ಆಗುವವರೆಗೆ ಮಾತ್ರ ಇರುವುದರಿಂದ, ಕೆಲಸ ಮುಗಿದ ಮೇಲೆ ತೆಗೆಯಲು ಬೇರೇನೂ ಮಾಡಬೇಕಿಲ್ಲ.